ಹುಣಸೆಬೀಜದ ಮಣೆ

"ಗುರುಗಳೇ, ಎಣಿಸುತ್ತಿರುವ ಮಗು ತಪ್ಪುವುದು ಕಣ್ಣೆದುರಿಗೇ ಕಾಣುತ್ತದೆ. ಆಗ ನಾನು ಹೇಳಿಕೊಡಬೇಕೋ, ಸುಮ್ಮನಿರಬೇಕೋ?" ಎಂದು ಶಿಷ್ಯೆ ಕೇಳಿದಳು.

ಅವಳು ಊರಿನ ಚಿಕ್ಕ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದಳು. ಅಂಕಿ ಬರೆಸುವ ಮೊದಲು ಅವರ ಕೈಗೆ ಮಣಿ, ಕಡ್ಡಿ, ಕಾಳು ಕೊಡುತ್ತಿದ್ದಳು. ಮಣಿ ಪೋಣಿಸಿ ಹತ್ತು ಮಾಡುವುದು, ಅಂಥ ಹತ್ತು ಸರಗಳನ್ನು ಸೇರಿಸಿ ನೂರು ಮಾಡುವುದು ಅವಳ ಪಾಠ. ಅಂದು ಪಾಠ ಮುಗಿಸಿ ನೇರವಾಗಿ ಬಂದಿದ್ದಳು. ಒಂದು ಮಗುವಿನ ಮಣಿಸರ ಇನ್ನೂ ಅವಳ ಕೈಯಲ್ಲಿತ್ತು.

"ಹೇಳಿಕೊಟ್ಟರೆ ಏನಾಗುತ್ತದೆ?" ಎಂದರು ಗುರು.

"ಮಗು ಕೂಡಲೇ ಸರಿಮಾಡಿಕೊಳ್ಳುತ್ತದೆ."

"ಸುಮ್ಮನಿದ್ದರೆ?"

"ಇರಲಾಗುವುದಿಲ್ಲ. ನನಗೆ ತಿಳಿಯುವ ಮೊದಲೇ ಕೈ ಮುಂದೆ ಹೋಗಿರುತ್ತದೆ. ಇವತ್ತೂ ಹೋಯಿತು."

ಗುರು ಅವಳ ಕೈಯಲ್ಲಿದ್ದ ಸರವನ್ನು ನೋಡಿದರು. ಕುಳಿತುಕೋ ಎಂದು ಚಾಪೆ ತೋರಿಸಿದರು. ಅವಳು ಕುಳಿತ ಮೇಲೆ ಹೇಳತೊಡಗಿದರು.

ಬಾವಿಗಿಳಿಯುವವನೊಬ್ಬನಿದ್ದ. ಅವನ ಸೀಮೆಯಲ್ಲಿ ಮೆಟ್ಟಿಲು ಕಟ್ಟಿದ ಆಳವಾದ ಬಾವಿಗಳು ಬಹಳ. ಕೊಡ ಜಾರಿ ನೀರಿಗೆ ಬಿದ್ದರೆ ಜನ ಮೊದಲು ಪಾತಾಳಗರಡಿ ಇಳಿಸುತ್ತಿದ್ದರು. ಅದರ ಕೊಕ್ಕೆಗಳಿಗೆ ಸಿಗದೆ ಹೂಳಿನಲ್ಲಿ ಹೂತುಹೋದದ್ದನ್ನು ತೆಗೆಯಲು ಇವನನ್ನು ಕರೆಯುತ್ತಿದ್ದರು. ಇವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಎದೆ ತುಂಬ ಉಸಿರೆಳೆದುಕೊಂಡು ಮುಳುಗುತ್ತಿದ್ದ. ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಮೇಲೆ ಕುಳಿತವರ ಕೈಯಲ್ಲಿ. ಅವರು ನೂರರವರೆಗೆ ಎಣಿಸಿ ಹಗ್ಗ ಜಗ್ಗಬೇಕು. ಜಗ್ಗಿದ ಕೂಡಲೇ ಇವನು ಕೈಯಲ್ಲಿದ್ದದ್ದನ್ನು ಬಿಟ್ಟಾದರೂ ಮೇಲೆ ಬರಬೇಕು.

ಅವನಿಗೇ ಹೊತ್ತು ತಿಳಿಯುವುದಿಲ್ಲವೇ ಎಂದು ನೀನು ಕೇಳಬಹುದು. ತಿಳಿಯುವುದಿಲ್ಲ. ಹೂಳೆದ್ದ ನೀರಿನಲ್ಲಿ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಎದೆ ಒಮ್ಮೆ ಕಾರಣವಿಲ್ಲದೆ ಹೆದರಿಸುತ್ತದೆ, ಹೆದರಿಸಬೇಕಾದಾಗ ಸುಮ್ಮನಿರುತ್ತದೆ. ಕೊಡದ ಕಂಠ ಬೆರಳಿಗೆ ತಾಗಿತೆಂದರೆ ಮನುಷ್ಯ ಉಳಿದದ್ದನ್ನೆಲ್ಲ ಮರೆಯುತ್ತಾನೆ. ಹಾಗೆ ಮರೆತು ಏಳದೆ ಉಳಿದವರು ಆ ಮನೆತನದಲ್ಲಿದ್ದರು. ಅದಕ್ಕೇ ಅವರಲ್ಲೊಂದು ಕಟ್ಟಳೆಯಿತ್ತು. ನೀರಿನಲ್ಲಿರುವವನು ತನ್ನ ಎದೆಯ ಮಾತು ಕೇಳಬಾರದು, ಹಗ್ಗದ ಮಾತು ಕೇಳಬೇಕು. ಅದರ ಜೊತೆಗೆ ಇನ್ನೊಂದು ಕಟ್ಟಳೆ. ಮುಳುಗಿದವನು ಏಳದಿದ್ದರೆ ಯಾರ ಬಾಳು ಹಾಳಾಗುತ್ತದೋ, ಹಗ್ಗ ಅವರ ಕೈಯಲ್ಲೇ ಇರಬೇಕು.

ಅವನ ಹಗ್ಗವನ್ನು ಹೆಂಡತಿ ಹಿಡಿಯುತ್ತಿದ್ದಳು. ಮದುವೆಯಾದ ವರ್ಷದಿಂದ ಹಿಡಿದಳು. ಒಂದು ದಿನವೂ ಎಣಿಕೆ ತಪ್ಪಲಿಲ್ಲ. ಒಂದು ಮಾಗಿಯಲ್ಲಿ ಜ್ವರ ಬಂತು. ಅವಳು ತೀರಿಕೊಂಡಳು.

ಕೆಲವು ಕಾಲ ಅವನು ಯಾವ ಬಾವಿಗೂ ಇಳಿಯಲಿಲ್ಲ. ಮನೆಯಲ್ಲಿ ಹಿಟ್ಟು ಮುಗಿಯುತ್ತ ಬಂದಾಗ ಭಾವಮೈದುನ ಬಂದು, "ನಾನಿಲ್ಲವೇ ಭಾವ? ಹಗ್ಗ ಹಿಡಿದು ಕೂರುವುದು ಯಾವ ಬ್ರಹ್ಮವಿದ್ಯೆ?" ಎಂದ. ಹಿಡಿದು ಕೂತ. ನಡುವೆ ದಾರಿಹೋಕನೊಬ್ಬ ಸುಣ್ಣ ಕೇಳಿದ. ಡಬ್ಬಿ ತೆಗೆದು ಕೊಡುವಷ್ಟರಲ್ಲಿ ಎಣಿಕೆ ಎಲ್ಲಿತ್ತೆಂಬುದು ಮರೆತಿತ್ತು. ಇವನು ಕಣ್ಣು ಕೆಂಪಾಗಿ ಮೇಲೆದ್ದಾಗ ಭಾವಮೈದುನ ತನ್ನ ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಬಂದಿರಲ್ಲ ಭಾವ, ಇನ್ನೇನು?" ಎಂದು ನಕ್ಕ.

ಅವನು ಕೆಟ್ಟವನೇನಲ್ಲ. ಇವನು ಸತ್ತಿದ್ದರೂ ಅವನ ಮನೆಯ ಒಲೆ ಉರಿಯುತ್ತಿತ್ತು, ಅಷ್ಟೆ.

ಕಟ್ಟಳೆಯ ಪ್ರಕಾರ ಹಗ್ಗ ಹಿಡಿಯಬೇಕಾದವಳು ಇನ್ನೊಬ್ಬಳೇ ಉಳಿದಿದ್ದಳು. ಅವನ ಮಗಳು. ಅವಳಿಗೆ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು.

ಬಾಯಲ್ಲಿ ನೂರು ಹೇಳುವುದನ್ನು ಅವಳು ಮೊದಲೇ ಕಲಿತಿದ್ದಳು. ಆದರೆ ಬಾಯಿ ಇಪ್ಪತ್ತೊಂಬತ್ತರಿಂದ ನಲವತ್ತಕ್ಕೆ ಹಾರುತ್ತಿತ್ತು. ಹಾರಿದ್ದು ಅವಳಿಗೆ ತಿಳಿಯುತ್ತಿರಲಿಲ್ಲ. ಅದನ್ನು ಕೇಳಿ ತಂದೆ ಒಂದು ಬುಟ್ಟಿ ಹುಣಸೆಬೀಜ ತಂದು ಜಗಲಿಯ ಮೇಲೆ ಸುರಿದ. ಒಂದೊಂದೇ ಬೀಜ ಎತ್ತಿ ಇಡಬೇಕು. ಎತ್ತಿ ಇಟ್ಟು ಕೈ ಹಿಂದಕ್ಕೆ ಬರುವಷ್ಟು ಹೊತ್ತು ಒಂದು ಎಣಿಕೆ. ಹತ್ತು ಬೀಜಕ್ಕೆ ಒಂದು ಗುಡ್ಡೆ. ಹತ್ತು ಗುಡ್ಡೆಯಾದರೆ ಹಗ್ಗ ಜಗ್ಗಬೇಕು.

ಮಗಳಿಗೆ ಅದು ಆಟ. ತಂದೆಗೆ ಆಟವಾಗಿರಲಿಲ್ಲ. ಅವಳು ಎಣಿಸುತ್ತಿದ್ದದ್ದು ಅವನ ಉಸಿರನ್ನು. ಒಂಬತ್ತು ಬೀಜಕ್ಕೇ ಅವಳು ಗುಡ್ಡೆ ಮುಗಿಸಹೊರಟರೆ ಅವನ ಗಂಟಲು ಒಣಗುತ್ತಿತ್ತು. ಸಣ್ಣಗೆ ಕೆಮ್ಮುತ್ತಿದ್ದ. ಅವಳು ತಲೆಯೆತ್ತಿ ಅವನ ಮುಖ ನೋಡಿ, ಇನ್ನೊಂದು ಬೀಜ ಇಡುತ್ತಿದ್ದಳು. ಹನ್ನೊಂದನೆಯದಕ್ಕೆ ಅವಳ ಕೈ ಹೋದರೂ ಅವನು ಕೆಮ್ಮುತ್ತಿದ್ದ. ಅವಳು ಕೈ ಹಿಂದಕ್ಕೆ ತೆಗೆಯುತ್ತಿದ್ದಳು. ತಾನು ಕೆಮ್ಮುತ್ತಿದ್ದೇನೆಂಬುದು ಅವನಿಗೆ ಗೊತ್ತಿರಲಿಲ್ಲ. ಗುಡ್ಡೆಗಳು ದಿನದಿಂದ ದಿನಕ್ಕೆ ಸರಿಯಾಗುತ್ತಿರುವುದಷ್ಟೇ ಕಾಣುತ್ತಿತ್ತು. ಕೊನೆಗೊಂದು ದಿನ ಹತ್ತು ಗುಡ್ಡೆಯೂ ತಪ್ಪಿಲ್ಲದೆ ಬಂತು. ಮರುದಿನವೂ ಬಂತು. ನೆರೆಮನೆಯವರು ಬಂದು ನೋಡಿ, ಕೂಸು ತಾಯಿಯನ್ನೇ ಹೋಲುತ್ತದೆ ಎಂದರು.

ಆಮೇಲೆ ಒಂದು ಮನೆಯಿಂದ ಕರೆ ಬಂತು. ಆ ಮನೆಯ ಯಜಮಾನನ ಬೀಗರು ಬಂದಿದ್ದಾಗ ತಂದಿದ್ದ ತಾಮ್ರದ ಕೊಡ ಅವನ ಬಾವಿಗೆ ಬಿದ್ದಿತ್ತು. ತಂದೆ ಮಗಳು ಹೋದರು. ಮಗಳು ನೀರಿನಂಚಿನ ಮೆಟ್ಟಿಲ ಮೇಲೆ ಬೀಜದ ಬುಟ್ಟಿಯೊಡನೆ ಕುಳಿತಳು. ಹಗ್ಗದ ತುದಿಯನ್ನು ಎಡಗೈಗೆ ಸುತ್ತಿಕೊಂಡಳು. ತಂದೆ ಮುಳುಗಿದ.

ಹೂಳು ಮೊಳಕಾಲವರೆಗೆ ಬಂತು. ಅವನು ಕೈಯಾಡಿಸಿದ. ಕಲ್ಲು ಸಿಕ್ಕಿತು, ಮುರಿದ ಗಡಿಗೆಯ ಚೂರು ಸಿಕ್ಕಿತು. ಕೊಡ ಸಿಗಲಿಲ್ಲ. ಎದೆ ಮೇಲೇಳು ಎಂದಿತು. ಅವನು ಕೇಳಲಿಲ್ಲ, ಹಗ್ಗ ಇನ್ನೂ ಸುಮ್ಮನಿತ್ತು. ಎದೆ ಮತ್ತೆ ಹೇಳಿತು. ಹೆಂಡತಿ ಮೇಲಿದ್ದಾಗಲೂ ಎಷ್ಟೋ ಸಲ ಹೀಗೆ ಹೇಳಿತ್ತು, ಆಗೆಲ್ಲ ಅವಳ ಎಣಿಕೆಯೇ ಸರಿಯಾಗಿತ್ತು. ಅವನು ಕಾದ. ಕಿವಿಯಲ್ಲಿ ಗಂಟೆ ಬಾರಿಸಿದಂತಾಯಿತು. ಆಮೇಲೆ ಎದೆಯೂ ಮಾತಾಡುವುದನ್ನು ನಿಲ್ಲಿಸಿತು. ಆ ಮೌನಕ್ಕೆ ಹೆದರಿ ಅವನು ಕಾಲು ಒದ್ದ.

ಮೆಟ್ಟಿಲ ಮೇಲೆ ಬಿದ್ದು ಬಹಳ ಹೊತ್ತು ನೀರು ಕಾರಿದ. ಕಣ್ಣು ತಿಳಿಯಾದಾಗ ಮಗಳು ಎದುರಿಗಿದ್ದಳು. ಅವಳ ಮುಂದೆ ಆರು ಗುಡ್ಡೆಯಿತ್ತು. ಮುಷ್ಟಿಯಲ್ಲಿ ಒಂದು ಬೀಜವಿತ್ತು.

"ಯಾಕೆ ಕೂಸೇ ಜಗ್ಗಲಿಲ್ಲ?"

"ಈ ಗುಡ್ಡೆಯಲ್ಲಿ ಒಂಬತ್ತಿತ್ತೋ ಹತ್ತಿತ್ತೋ ಗೊತ್ತಾಗಲಿಲ್ಲ. ನೀನು ಕೆಮ್ಮಲಿಲ್ಲ."

"ನಾನು ನೀರಿನಲ್ಲಿದ್ದೆನಲ್ಲ."

"ಅದಕ್ಕೇ ಕಾಯುತ್ತಿದ್ದೆ."

ಮೇಲಿನ ಮೆಟ್ಟಿಲಿನಿಂದ ಯಜಮಾನ ಹೇಳಿದ: "ಹೆಂಡತಿಯ ಹಿಂದೆಯೇ ಹೋಗುವ ಆತುರವಿದ್ದರೆ ಬೇರೆ ಬಾವಿ ನೋಡಿಕೊ ಮಾರಾಯ. ಇದು ನಾವು ಕುಡಿಯುವ ನೀರು."

ಮಗಳು ಆ ಮಾತನ್ನು ಕೇಳಿಸಿಕೊಂಡಳು. ದಾರಿಯುದ್ದಕ್ಕೂ ತಂದೆಯ ಕೈ ಬಿಡಲಿಲ್ಲ.

ಮನೆಗೆ ಬಂದು ಅವನು ಯೋಚಿಸಿದ. ಅವಳ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. ಜಗಲಿಯ ಮೇಲೆ ಹತ್ತು ಗುಡ್ಡೆ ಸರಿಯಾಗಿ ಮಾಡಿದ್ದು ಅವಳಲ್ಲ, ತನ್ನ ಗಂಟಲು. ಬೀಜಗಳು ಅವಳ ಕೈಯಲ್ಲಿದ್ದವು, ಕಣ್ಣು ತನ್ನ ಮುಖದ ಮೇಲಿತ್ತು. ತಾನು ಕಲಿಸಿದ್ದು ಎಣಿಸುವುದನ್ನಲ್ಲ, ಮುಖ ನೋಡುವುದನ್ನು. ಆ ಮುಖವನ್ನು ಹೊತ್ತುಕೊಂಡು ತಾನೇ ನೀರಿಗಿಳಿದಿದ್ದ.

ಒಲೆಯ ಹತ್ತಿರ ಹೆಂಡತಿ ಕುಳಿತು ಅಡುಗೆ ಮಾಡುತ್ತಿದ್ದ ಮಣೆಯಿತ್ತು. ಅವಳು ಹೋದ ಮೇಲೆ ಅದರ ಮೇಲೆ ಯಾರೂ ಕುಳಿತಿರಲಿಲ್ಲ. ಅವನು ಅದನ್ನು ಹೊರಗೆ ತಂದ. ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡಿದ್ದ. ಆಮೇಲೆ ಉಳಿ ತೆಗೆದುಕೊಂಡು ಅದರಲ್ಲಿ ಸಾಲಾಗಿ ಕುಳಿ ಕೊರೆದ. ಸಾಲಿಗೆ ಹತ್ತು ಕುಳಿ, ಅಂಥ ಹತ್ತು ಸಾಲು. ಒಂದು ಕುಳಿಯಲ್ಲಿ ಒಂದೇ ಬೀಜ ಕೂರಬೇಕು, ಅಷ್ಟೇ ಅಗಲ. ಒಂದು ಚೀಲದಲ್ಲಿ ನೂರೇ ಬೀಜ ಎಣಿಸಿ ಹಾಕಿದ. ಮಧ್ಯದಲ್ಲಿ ಕುಳಿ ಬಿಟ್ಟರೆ ಅದು ಬಾಯಿ ತೆರೆದು ಕಾಣುತ್ತದೆ. ಬೀಜ ಕೆಳಗೆ ಬಿದ್ದಿದ್ದರೆ ಕೊನೆಯ ಸಾಲು ತುಂಬುವುದಿಲ್ಲ. ಯಾರೂ ಕೆಮ್ಮಬೇಕಾಗಿಲ್ಲ.

ಮಣೆಯನ್ನು ಅಂಗಳದಲ್ಲಿ ಮಗಳ ಮುಂದಿಟ್ಟು, ಒಂದೇ ಒಂದು ಸಲ ತಾನು ತುಂಬಿ ತೋರಿಸಿದ. ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ತುದಿಯನ್ನು ಕಿಟಕಿಯಿಂದ ಅವಳತ್ತ ಹಾಯಿಸಿ, ತಾನು ಒಳಗೆ ಗೋಡೆಗೆ ಮುಖ ಮಾಡಿ ಕುಳಿತ. ಹೆಗಲ ವಸ್ತ್ರದ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡ.

"ಅಪ್ಪ, ಸರಿಯಾ?" ಹೊರಗಿನಿಂದ ಕೂಗಿದಳು.

"ಮಣೆಯನ್ನು ಕೇಳು."

"ಮಣೆ ಮಾತಾಡುವುದಿಲ್ಲ."

ಅವನು ವಸ್ತ್ರವನ್ನು ಮತ್ತೆ ಕಚ್ಚಿಕೊಂಡ.

ಅವಳು ಮತ್ತೆ ಕೂಗಿದಳು. ಆಮೇಲೆ ಅತ್ತಳು. ಬೀಜಗಳನ್ನು ಅಂಗಳದ ತುಂಬ ಎಸೆದಳು. ತಾಯಿಯಿಲ್ಲದ ಕೂಸು ಹೊರಗೆ ಬಿಕ್ಕುತ್ತಿದ್ದರೆ ತಂದೆ ಗೋಡೆ ನೋಡುತ್ತ ಕೂರುವುದು ಹೇಗೆಂದು ನೀನೇ ಯೋಚಿಸು. ಎರಡು ಸಲ ಎದ್ದ, ಎರಡು ಸಲವೂ ಕುಳಿತ. ನೆರೆಮನೆಯ ಹೆಂಗಸು ಬೇಲಿಯಾಚೆಯಿಂದ, "ಕಲ್ಲೆದೆಯವನೇ, ಒಂದು ಮಾತು ಹೇಳಿಕೊಟ್ಟರೆ ನಿನ್ನ ಗಂಟೇನು ಹೋಗುತ್ತದೆ?" ಎಂದಳು. ಅವನು ಅವಳಿಗೂ ಉತ್ತರ ಕೊಡಲಿಲ್ಲ. ಬಾಯಿ ತೆರೆದರೆ ವಸ್ತ್ರ ಜಾರುತ್ತಿತ್ತು.

ಸಂಜೆ ಅವಳೇ ಬೀಜಗಳನ್ನು ಆಯ್ದು ಚೀಲಕ್ಕೆ ಹಾಕಿದಳು.

ದಿನಗಳು ಹೋದವು. ಅವಳು ತುಂಬುವಾಗಲೆಲ್ಲ ಅವನು ಒಳಗೆ ಉಸಿರು ಹಿಡಿದು ಕೂರುತ್ತಿದ್ದ. ಹಗ್ಗದ ಜಗ್ಗು ಒಮ್ಮೆ ಬೇಗ ಬರುತ್ತಿತ್ತು, ಒಮ್ಮೆ ತಡವಾಗಿ ಬರುತ್ತಿತ್ತು. ಅವನು ಬೇಗ ಎನ್ನಲಿಲ್ಲ, ತಡ ಎನ್ನಲಿಲ್ಲ. ಅವಸರ ಮಾಡಿದರೆ ಬೀಜ ಕುಳಿಯಿಂದ ಹಾರಿಹೋಗುವುದನ್ನು ಅವಳೇ ಕಂಡುಕೊಂಡಳು. ಕೈ ನಿಧಾನವಾಯಿತು. ಅಪ್ಪ ಎಂದು ಕೂಗುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಒಂದು ಬೆಳಿಗ್ಗೆ ಹೊರಗೆ ಅವಳೊಬ್ಬಳೇ ನಕ್ಕದ್ದು ಕೇಳಿಸಿತು. "ಇಲ್ಲಿದ್ದೀಯಾ?" ಎಂದು ಯಾರಿಗೋ ಹೇಳುತ್ತಿದ್ದಳು. ಬಿಟ್ಟುಹೋಗಿದ್ದ ಕುಳಿ ಅವಳಿಗೆ ಸಿಕ್ಕಿತ್ತು. ಅಂದು ಅವನು ವಸ್ತ್ರವನ್ನು ಬಾಯಿಂದ ತೆಗೆದು ಕಣ್ಣಿಗೆ ಒತ್ತಿಕೊಂಡ.

ಅಂದಿನಿಂದ ಹಗ್ಗದ ಜಗ್ಗು ಅವನ ಉಸಿರಿನ ಒಂದೇ ಜಾಗಕ್ಕೆ ಬರತೊಡಗಿತು. ಹೆಂಡತಿ ಹಿಡಿದಾಗ ಬರುತ್ತಿದ್ದ ಜಾಗಕ್ಕೆ.

ಅಷ್ಟರಲ್ಲಿ ಆ ಯಜಮಾನ ತಾನೇ ಬಂದ. ಪಾತಾಳಗರಡಿ ಹಾಕಿ ಹಾಕಿ ಸೋತಿದ್ದ. "ಕೊಡ ಬೀಗರದ್ದಪ್ಪ. ಅದಿಲ್ಲದೆ ಮಗಳನ್ನು ಗಂಡನ ಮನೆಗೆ ಯಾವ ಮುಖವಿಟ್ಟುಕೊಂಡು ಕಳಿಸಲಿ? ಹಗ್ಗ ಹಿಡಿಯಲು ದೊಡ್ಡವರನ್ನು ನಾನು ಕೊಡುತ್ತೇನೆ" ಎಂದ.

ತಂದೆ ಮಗಳತ್ತ ನೋಡಲಿಲ್ಲ. ನೋಡಿದರೆ ಅವಳು ತನ್ನ ಮುಖದಲ್ಲಿ ಉತ್ತರ ಹುಡುಕುತ್ತಾಳೆಂದು ಅವನಿಗೆ ಗೊತ್ತಿತ್ತು. ಮಗಳು ಎದ್ದು ಮಣೆಯನ್ನು ಕಂಕುಳಲ್ಲಿ ಇರಿಸಿಕೊಂಡಳು.

"ಹಗ್ಗ ನನ್ನದು" ಎಂದಳು.

ಅದೇ ಬಾವಿ, ಅದೇ ಮೆಟ್ಟಿಲು. ತಂದೆ ಮುಳುಗಿದ. ಈ ಸಲ ಕೊಡ ಬೇಗ ಸಿಕ್ಕಿತು. ಹೂಳು ಅದನ್ನು ಕಂಠದವರೆಗೆ ನುಂಗಿತ್ತು. ಅವನು ಸುತ್ತ ಬೆರಳಿನಿಂದ ತೋಡುತ್ತ ಹೋದ.

ಮೇಲೆ ಯಜಮಾನನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹೋದ ಸಲ ಕಂಡದ್ದು ಅವನ ಕಣ್ಣಿನಲ್ಲಿತ್ತು. ಮೆಟ್ಟಿಲಿಳಿದು ಬಂದು, "ಎಷ್ಟಾಯಿತು ಕೂಸೇ? ಜಗ್ಗಬಾರದೇ?" ಎಂದ. ಅವಳು ಇನ್ನೊಂದು ಬೀಜ ಇಟ್ಟಳು. ಅವನು ಇನ್ನೂ ಒಂದು ಮೆಟ್ಟಿಲಿಳಿದು ಬಗ್ಗಿದ. ಪಾಚಿಯ ಮೇಲೆ ಕಾಲು ಜಾರಿ ಮಣೆಗೆ ತಾಗಿತು. ಮಣೆ ಮಗುಚಿ, ಬೀಜದ ಚೀಲದ ಸಮೇತ ನೀರಿಗೆ ಬಿತ್ತು. ಬಿದ್ದ ಮಣೆ ತೇಲಿತು. ಬೀಜಗಳು ಮುಳುಗಿದವು.

ಕೆಳಗೆ ತಂದೆಯ ಕತ್ತಿನ ಮೇಲೆ ಏನೋ ಬಿತ್ತು. ಆಮೇಲೆ ಬೆನ್ನಿನ ಮೇಲೆ, ಆಮೇಲೆ ಕೈಯ ಮೇಲೆ. ಒಂದನ್ನು ಬೆರಳಿನಿಂದ ಮುಟ್ಟಿದ. ನುಣುಪು, ಚಪ್ಪಟೆ. ಕಣ್ಣಿಲ್ಲದೆಯೂ ಅವನಿಗೆ ತಿಳಿಯಿತು.

ಅವಳ ಮುಂದೆ ಈಗ ಮಣೆಯಿಲ್ಲ. ಕುಳಿಯಿಲ್ಲ, ಸಾಲಿಲ್ಲ. ಆ ದಿನದ ಮುಷ್ಟಿ ಅವನ ನೆನಪಿಗೆ ಬಂತು, ಅದರೊಳಗಿದ್ದ ಒಂದೇ ಬೀಜ ನೆನಪಿಗೆ ಬಂತು. ಎದೆ ಮೇಲೇಳು ಎಂದಿತು. ಈಗ ಎದ್ದರೆ ಉಸಿರಿದೆ, ಕಾಲಿನಲ್ಲಿ ಕಸುವಿದೆ. ಏಳುವುದನ್ನು ತಡೆಯುವವರು ಯಾರೂ ಇರಲಿಲ್ಲ.

ಆದರೆ ಎದ್ದರೆ ಅವಳು ತನ್ನ ಮುಖ ನೋಡುತ್ತಾಳೆ. ಕರೆಯದೆ ಬಂದ ಆ ಮುಖದಲ್ಲಿ, ನಿನ್ನಿಂದಾಗುವುದಿಲ್ಲವೆಂಬುದನ್ನು ಓದಿಕೊಳ್ಳುತ್ತಾಳೆ. ಆಮೇಲೆ ಎಷ್ಟು ಮಣೆ ಕೊರೆದರೂ ಅವಳ ಕಣ್ಣು ಮಣೆಯ ಮೇಲೆ ನಿಲ್ಲುವುದಿಲ್ಲ.

ಅವನ ಗಂಟಲು ಕೆಮ್ಮಲು ಎದ್ದಿತು. ನೀರಿನಲ್ಲಿ ಕೆಮ್ಮುವಂತಿಲ್ಲ. ಹಲ್ಲು ಕಚ್ಚಿ ಅದನ್ನು ನುಂಗಿದ. ಎರಡು ಕೈಯಿಂದ ಕೊಡದ ಕಂಠ ಹಿಡಿದು, ಹೂಳಿನಲ್ಲಿ ಮೊಳಕಾಲೂರಿ ಕುಳಿತ. ಕಿವಿಯಲ್ಲಿ ಗಂಟೆ ಶುರುವಾಯಿತು. ಕೊನೆಯ ಬೀಜವೂ ಇಳಿದು ಹೂಳು ಸೇರಿತು. ನೀರು ಸುಮ್ಮನಾಯಿತು. ಅವನು ಕಾದ.

ಹಗ್ಗ ಜಗ್ಗಿತು.

ಒಂದೇ ಸಲ, ಗಟ್ಟಿಯಾಗಿ. ಅದು ಬರಬೇಕಾದ ಜಾಗಕ್ಕೇ ಬಂದಿತ್ತು.

ಅವನು ಕೊಡದ ಸಮೇತ ಮೇಲೆದ್ದ. ತೇಲುತ್ತಿದ್ದ ಮಣೆ ತಲೆಗೆ ತಾಗಿತು. ಮೆಟ್ಟಿಲ ಮೇಲೆ ಮಗಳಿದ್ದಳು. ಅವಳು ಅವನ ಮುಖ ನೋಡುತ್ತಿರಲಿಲ್ಲ. ತನ್ನ ಬೆರಳುಗಳನ್ನು ನೋಡುತ್ತಿದ್ದಳು.

"ಏಳು ಸಾಲು ತುಂಬಿತ್ತು" ಎಂದಳು. "ಆಮೇಲೆ ಈ ಅಜ್ಜನ ಕಾಲು ತಾಗಿತು. ಉಳಿದ ಮೂರು ಸಾಲನ್ನು ಬೆರಳಿನಲ್ಲಿ ಮಾಡಿದೆ."

"ನಾನು ಅಷ್ಟು ಕೇಳಿದೆ, ತಿರುಗಿಯೂ ನೋಡಲಿಲ್ಲವಲ್ಲ ಇವಳು" ಎಂದ ಯಜಮಾನ.

"ಎಣಿಸುತ್ತಿದ್ದೆ ಅಜ್ಜ."

"ಹೆದರಿಕೆಯಾಯಿತೇ ಕೂಸೇ?" ತಂದೆ ಕೇಳಿದ.

"ಆಯಿತು. ಹೆದರಿದರೆ ಕೈ ಓಡುತ್ತದೆ. ಅದಕ್ಕೇ ನಿಧಾನ ಮಾಡಿದೆ."

ತಂದೆ ಮೆಟ್ಟಿಲಿಗೆ ಒರಗಿದ. ಅಷ್ಟು ಹೊತ್ತು ನುಂಗಿದ್ದ ಕೆಮ್ಮು ಈಗ ಬಂತು. ಬಹಳ ಹೊತ್ತು ಕೆಮ್ಮಿದ. ಮಗಳು ತಲೆಯೆತ್ತಲಿಲ್ಲ. ಬಗ್ಗಿ ನೀರಿನಲ್ಲಿದ್ದ ಮಣೆಯನ್ನು ಎಳೆದುಕೊಳ್ಳುತ್ತಿದ್ದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯೆ ಸರದ ಮಣಿಗಳನ್ನು ಒಂದೊಂದಾಗಿ ಸರಿಸುತ್ತ ಕೇಳಿದಳು:

"ಅವಳು ಬೆರಳಿನಲ್ಲಿ ತಪ್ಪಿಬಿಟ್ಟಿದ್ದರೆ, ಗುರುಗಳೇ?"

"ತಪ್ಪಿದ್ದರೆ ಅವನು ಸಾಯುತ್ತಿದ್ದ."

"ಅದು ಗೊತ್ತಿದ್ದೂ ಅವನು ಹೇಗೆ ಸುಮ್ಮನಿದ್ದ? ನನ್ನಿಂದ ಆಗುವುದಿಲ್ಲ."

ಗುರು ಹೇಳಿದರು: "ಅವನು ನೀರಿನ ತಳದಲ್ಲಿ ಕುಳಿತು ಕಾದ, ನೀನು ಚಾಪೆಯ ಮೇಲೆ ಕುಳಿತಿದ್ದೀಯೆ. ಮಗು ಒಂದು ಮಣಿ ತಪ್ಪಿದರೆ ನಿನ್ನ ಉಸಿರು ನಿಲ್ಲುವುದಿಲ್ಲ."